ನಮ್ಮ ಪ್ರಾಂಪ್ಟರ್ ಅಕ್ಕನಿಗೆ, ಮತ್ತೆ ಉಳಿದ ಎಲ್ಲರಿಗೂ

ನಾರ್ವೆಯ ನಾಟಕಕಾರ ಇಬ್ಸೆನ್‌ನ 'ಎ ಡಾಲ್ಸ್ ಹೌಸ್' ಭಾನುವಾರ ಕೊನೆಗೂ ರಂಗಕ್ಕೆ ಬಂತು. ನೋಡಲು ಬಂದವರಿಗೆ, ಟಿಕೆಟ್ ಮಾರಿದವರಿಗೆ, ಸೆಟ್ ಹೊತ್ತವರಿಗೆ, ಲೈಟಿನ ಹುಡುಗರಿಗೆ, ಆಫೀಸಿನಲ್ಲಿ ಏನೇನೋ ನೆಪ ಹೇಳಿ ರಿಹರ್ಸಲ್‌ಗೆ ಬಂದ ನಟರಿಗೆ ತುಂಬಾ ಥ್ಯಾಂಕ್ಸ್. ಹೋದ ವರ್ಷ ನನಗೆ ಹೇಗಿತ್ತು ಅಂತ ನಿಮಗೆಲ್ಲ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ.

ಪ್ರಾಂಪ್ಟಿಂಗ್‌ಗೆ, ಅಂದರೆ ನಟರು ಮಾತು ಮರೆತರೆ ಮೆಲ್ಲಗೆ ಹೇಳಿಕೊಡಲು ಕೂತಿದ್ದ ಅಕ್ಕನ ಬಗ್ಗೆ ಮಾತ್ರ ಬರೆಯಲೇಬೇಕು.

ಹಿಂದಿನ ರಾತ್ರಿ ಇಡೀ ನಾಟಕದ ರಿಹರ್ಸಲ್ ನೋಡಲು ಕೆಲವು ಸ್ನೇಹಿತರನ್ನು ಕರೆದಿದ್ದೆವು. ಮೂರನೇ ಅಂಕದಲ್ಲಿ, ನಾಯಕಿ ನೋರಾಗೆ ಸಾಲ ಕೊಟ್ಟಿದ್ದ ಕ್ರೋಗ್‌ಸ್ಟಾಡ್ ಸಾಲದ ಪತ್ರ ವಾಪಸ್ ಕಳಿಸುತ್ತಾನೆ. ಅವಳ ಗಂಡ ಟೊರ್ವಾಲ್ಡ್ ಅದನ್ನು ಒಲೆಗೆ ಹಾಕಿ, ನಾನು ಬಚಾವಾದೆ ಅಂತ ಕೂಗುತ್ತಾನೆ. ಅಷ್ಟಕ್ಕೇ ಸ್ನೇಹಿತರು ಚಪ್ಪಾಳೆ ಹೊಡೆದು ಎದ್ದೇಬಿಟ್ಟರು! ಅವರದ್ದೇನೂ ತಪ್ಪಿಲ್ಲ. ಅಪ್ಪನ ಸಹಿಯನ್ನು ತಾನೇ ಹಾಕಿ ಸಾಲ ತಂದ ಹೆಂಡತಿ, ಅದನ್ನಿಟ್ಟುಕೊಂಡು ಹೆದರಿಸುವವನು, ಗಂಡನಿಗೆ ಎಲ್ಲ ತಿಳಿಸಲು ಅವನು ಟಪಾಲು ಡಬ್ಬಿಗೆ ಹಾಕಿದ ಕಾಗದ, ಇಷ್ಟೂ ಅಲ್ಲಿಗೆ ಬಗೆಹರಿಯುತ್ತದೆ. ಬೇರೆ ನಾಟಕವಾಗಿದ್ದರೆ ಪರದೆ ಬೀಳುತ್ತಿತ್ತು. ಇಲ್ಲಿ ಗಂಡ ಹೆಂಡತಿ ಆಮೇಲೆ ಎದುರುಬದುರು ಕೂತು ಮಾತಾಡುತ್ತಾರೆ. ಎಂಟು ವರ್ಷದ ಸಂಸಾರದಲ್ಲಿ ಮೊದಲ ಸಲ. ಕೊನೆಗೆ ನೋರಾ ಗಂಡ, ಮಕ್ಕಳನ್ನು ಬಿಟ್ಟು ಮನೆಯಿಂದ ಹೊರಡುತ್ತಾಳೆ.

ಉದ್ದ ಆಯ್ತು, ಆ ಮಾತುಕತೆ ಕತ್ತರಿಸೋಣ ಅಂದರು ಕೆಲವರು. ಮಕ್ಕಳ ಮುಖ ನೋಡಿ ಅವಳು ಉಳಿದುಕೊಳ್ಳಲಿ ಅಂದರು ಒಬ್ಬರು. ಈ ಬೇಡಿಕೆ ಹಳೆಯದೇ. 1880ರಲ್ಲಿ ಜರ್ಮನಿಯ ನಟಿಯೊಬ್ಬಳು, ಮಕ್ಕಳನ್ನು ಬಿಟ್ಟು ಹೋಗುವ ಪಾತ್ರ ಮಾಡುವುದಿಲ್ಲ ಅಂದಾಗ ಇಬ್ಸೆನ್ನೇ ಅಂಥ ಕೊನೆಯೊಂದನ್ನು ಬರೆದುಕೊಟ್ಟಿದ್ದ. ಅದನ್ನು ಬರ್ಬರ ಅಂತ ಬೈದವನೂ ಅವನೇ. ವಾದ ಮಾಡಲು ನನ್ನಲ್ಲಿ ಶಕ್ತಿ ಉಳಿದಿರಲಿಲ್ಲ. ಎಲ್ಲರೂ ಮನೆಗೆ ಹೊರಟರು. ಅಕ್ಕ ಹೊರಡಲಿಲ್ಲ.

ಒಂದು ಮೋಟು ಪೆನ್ಸಿಲ್ ಹಿಡಿದು ಸ್ಕ್ರಿಪ್ಟನ್ನು ಕೊನೆಯ ಪುಟದಿಂದ ಹಿಂದಕ್ಕೆ ಓದತೊಡಗಿದರು. "ಇವಳು ಮನೆ ಬಿಡ್ತಾಳೆ ಅನ್ನೋದು ಎಲ್ಲೆಲ್ಲಿ ಕಾಣುತ್ತೆ, ಹುಡುಕೋಣ ಬಾ." ಕಾಗದ ವಾಪಸ್ ಕೇಳ್ತೀನಿ ಅಂತ ಕ್ರೋಗ್‌ಸ್ಟಾಡ್ ಅಂದರೂ ನೋರಾಳ ಗೆಳತಿ ಕ್ರಿಸ್ಟೀನ್ ಬೇಡ ಅನ್ನುತ್ತಾಳೆ, ಈ ಗುಟ್ಟು ರಟ್ಟಾಗಲೇಬೇಕು ಅಂತ. ಅಲ್ಲೊಂದು ಗೀಟು. ಎರಡನೇ ಅಂಕದಲ್ಲಿ ನೋರಾ ಮಕ್ಕಳ ದಾದಿಯನ್ನು ಕೇಳುತ್ತಾಳೆ, ಅಮ್ಮ ಪೂರ್ತಿ ಹೋಗಿಬಿಟ್ಟರೆ ಮಕ್ಕಳು ಮರೆತುಬಿಡ್ತಾರಾ ಅಂತ. ಅಲ್ಲೂ ಗೀಟು. ಕಾಗದದ ಡಬ್ಬಿಯ ಕೀಲಿ ಇರುವುದು ಗಂಡನ ಹತ್ತಿರ ಮಾತ್ರ. ಶುರುವಿನಲ್ಲೇ ಅವಳು ಬಿಸ್ಕತ್ತು ಕದ್ದು ತಿಂದು, ಬಾಯಿ ಒರೆಸಿಕೊಂಡು, ಗಂಡನಿಗೆ ತಿಂದಿಲ್ಲ ಅನ್ನುತ್ತಾಳೆ.

"ಕಾಗದದ ಕಥೆ ಮೇಲಿಂದು ಕಣೇ. ಅದರಡಿ ಇನ್ನೊಂದು ಮೊದಲಿಂದಲೂ ನಡೀತಿದೆ. ನಮ್ಮೋರು ಮೇಲಿಂದನ್ನೇ ಆಡ್ತಿದಾರೆ. ಜನ ಎದ್ದು ಹೋಗದೆ ಇನ್ನೇನು ಮಾಡ್ತಾರೆ?"

ಆ ಬಿಸ್ಕತ್ತಿನ ಸಾಲಿಗೆ ನಾನು ಅತ್ತುಬಿಟ್ಟೆ. ನೋರಾಗೋಸ್ಕರ ಅಲ್ಲ. ಸೀರೆಯ ಬೆಲೆ, ತವರಿಗೆ ಮಾಡಿದ ಫೋನು, ಇಂಥದ್ದಕ್ಕೆಲ್ಲ ಸುಳ್ಳು ಹೇಳಿಕೊಂಡೇ ನಾನೂ ವರ್ಷಗಟ್ಟಲೆ ಸಂಸಾರ ಮಾಡಿದ್ದೆ. ಹೆದರಿಕೆ ಅಂತಲೂ ಅನ್ನಿಸುತ್ತಿರಲಿಲ್ಲ, ಅಷ್ಟು ಅಭ್ಯಾಸ ಆಗಿಹೋಗಿತ್ತು. ಅಕ್ಕ ಏನೂ ಕೇಳಲಿಲ್ಲ. ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಿ ಕೊಟ್ಟರು. ಬೀಗ ಹಾಕಲು ಬಂದ ವಾಚ್‌ಮನ್‌ಗೂ ಅರ್ಧ ಲೋಟ ಕೊಟ್ಟು ಕೂರಿಸಿದರು.

ಬೆಳಿಗ್ಗೆ ನಟರಿಗೆ ಆ ಗೀಟುಗಳನ್ನಷ್ಟೇ ತೋರಿಸಿದೆವು. ಸಂಜೆ ಸಾಲದ ಪತ್ರ ಸುಟ್ಟಾಗ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ನೋರಾ ಕುಣಿತದ ಉಡುಪು ಕಳಚಿ ದಿನದ ಬಟ್ಟೆ ಹಾಕಿಕೊಳ್ಳಲು ಒಳಗೆ ಹೋಗುತ್ತಾಳಲ್ಲ, ಆಗ ರಂಗದ ಪಕ್ಕದ ವಿಂಗ್‌ನಲ್ಲಿ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಅವಳ ಹುಕ್ಕು ಬಿಚ್ಚಿದ್ದೂ ಅಕ್ಕನೇ. ಕೊನೆಯ ಮಾತುಕತೆಯ ಒಂದು ಸಾಲನ್ನೂ ಕತ್ತರಿಸಲಿಲ್ಲ.

ಅಕ್ಕ, ಪೋಸ್ಟರ್‌ನಲ್ಲಿ ಹೆಸರು ಬೇಡ ಅಂದಿರಿ, ಇಲ್ಲೂ ಹಾಕಿಲ್ಲ. ಆ ಸ್ಕ್ರಿಪ್ಟ್ ಮಾತ್ರ ವಾಪಸ್ ಕೊಡುವುದಿಲ್ಲ. ಮುಂದಿನ ತಿಂಗಳು ಇನ್ನೊಂದು ಪ್ರದರ್ಶನ ಇದೆ, ಟೀ ನನ್ನದು.

ಹಾಂ, ಟೊರ್ವಾಲ್ಡ್ ಕೂತಿದ್ದ ಬೆತ್ತದ ಕುರ್ಚಿ ಯಾರ ಮನೆಯದ್ದು? ಫೋನ್ ಮಾಡಿ, ತಲುಪಿಸುತ್ತೇವೆ.