ಎಲ್ಲಿಗಮ್ಮ ಅಂತ ಕೇಳಬೇಡ

ಪುಟ್ಟಿ,

ಭಾನುವಾರ ಫೋನಿನಲ್ಲಿ ನಿನ್ನ ದನಿ ಏರಿತ್ತು. ನಾನೂ ಸರಿಯಾಗಿ ಉತ್ತರ ಕೊಡಲಿಲ್ಲ. ಒಲೆ ಮೇಲೆ ಹಾಲಿದೆ ಅಂತ ಫೋನ್ ಇಟ್ಟುಬಿಟ್ಟೆ. ಒಲೆ ಮೇಲೆ ಏನೂ ಇರಲಿಲ್ಲ ಕಣೆ. ಅದಕ್ಕೇ ಈ ಪತ್ರ. ಬರೆಯಲು ಕೂತರೆ ನನಗೆ ಮಾತು ನೆಟ್ಟಗೆ ಬರುತ್ತದೆ.

ಬಿದ್ದದ್ದನ್ನು ಮುಚ್ಚಿಟ್ಟದ್ದು ತಪ್ಪು. ಪಕ್ಕದ ಮನೆಯವರ ಬಾಯಿಂದ ನಿನಗೆ ಗೊತ್ತಾಗಬಾರದಿತ್ತು. ನಡೆದದ್ದು ಇಷ್ಟು. ಗಾಂಧಿ ಬಜಾರಿನಲ್ಲಿ ಬಸ್ ಇಳಿದೆ. ಮಳೆ ಆಗತಾನೇ ನಿಂತಿತ್ತು. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಖಾಲಿ ಚೀಲ. ಫುಟ್‌ಪಾತಿನ ಒಂದು ಕಲ್ಲು ಸಡಿಲವಾಗಿತ್ತು. ಅದರ ಮೇಲೆ ಕಾಲಿಟ್ಟಿದ್ದೇ ತಡ, ಅಡಿಯ ಕೆಸರುನೀರು ಸೀರೆಗೆಲ್ಲ ಚಿಮ್ಮಿತು, ನಾನು ಮಂಡಿಯೂರಿ ಕುಸಿದೆ. ಕಾಲೇಜು ಹುಡುಗಿಯೊಬ್ಬಳು ಎಬ್ಬಿಸಿ ಹೂವಿನ ಅಂಗಡಿಯ ಸ್ಟೂಲ್ ಮೇಲೆ ಕೂರಿಸಿದಳು. ಅಂಗಡಿಯಾಕೆ ನೀರು ಕೊಟ್ಟು, ಸೀರೆಯ ಕೆಸರನ್ನೂ ತಾನೇ ಒರೆಸಿದಳು. ಎಕ್ಸ್‌ರೇ ತೆಗೆಸಿದೆವು, ಮೂಳೆಗೆ ಏನೂ ಆಗಿಲ್ಲ. ನಾಲ್ಕು ದಿನ ಮೆಟ್ಟಿಲು ಹತ್ತುವಾಗ ನೋವಿತ್ತು, ಈಗಿಲ್ಲ.

ನೀನು ಹೇಳಿದೆ, "ಇನ್ನು ಬಸ್ಸು ಬೇಡಮ್ಮ. ಎಲ್ಲಿಗೆ ಹೋಗಬೇಕೋ ನನಗೆ ಹೇಳು, ಪುಣೆಯಿಂದಲೇ ಕ್ಯಾಬ್ ಬುಕ್ ಮಾಡ್ತೀನಿ" ಅಂತ. ನಿನ್ನ ಭಯ ನನಗೆ ಅರ್ಥವಾಗುತ್ತದೆ. ಆದರೆ "ಎಲ್ಲಿಗೆ ಹೋಗಬೇಕೋ ಹೇಳು" ಅನ್ನುವ ಆ ಮಾತು ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು.

ಯಾಕೆ ಅಂತ ನಿನಗೆ ಗೊತ್ತಿಲ್ಲ. ನಾನು ಯಾವತ್ತೂ ಹೇಳಿಲ್ಲ. 1984ರಲ್ಲಿ ಮದುವೆಯಾಗಿ ಬನಶಂಕರಿಗೆ ಬಂದೆ. ತವರು ಮಲ್ಲೇಶ್ವರ. ಮೆಜೆಸ್ಟಿಕ್‌ನಲ್ಲಿ ಇಳಿದು ಇನ್ನೊಂದು ಬಸ್ ಹತ್ತಿದರೆ ಅಮ್ಮನ ಮನೆ. ಆದರೆ ಬಸ್ಸಿನ ಚಿಲ್ಲರೆ ನನ್ನ ಕೈಯಲ್ಲಿ ಇರುತ್ತಿರಲಿಲ್ಲ. ಅಡುಗೆಮನೆಯ ಗೂಡಿನಲ್ಲಿ ಒಂದು ಹಾರ್ಲಿಕ್ಸ್ ಬಾಟ್ಲಿ ಇತ್ತು, ನಿಮ್ಮಜ್ಜಿ ಅದರಲ್ಲಿ ದುಡ್ಡಿಡುತ್ತಿದ್ದರು. ಕೇಳಿದರೆ ಯಾವತ್ತೂ ಇಲ್ಲ ಅಂದವರಲ್ಲ. "ಎಲ್ಲಿಗಮ್ಮ? ಯಾಕೆ? ಎಷ್ಟು ಹೊತ್ತಿಗೆ ಬರ್ತೀಯ?" ಅಂತ ಕೇಳಿ, ಎಣಿಸಿ ಕೊಡುತ್ತಿದ್ದರು. ನಾನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದೆ. ನಿಮ್ಮಪ್ಪನೂ ಕೊಡುತ್ತಿದ್ದರು. ಅವರಿಗೂ ಕಾರಣ ಹೇಳಬೇಕಿತ್ತು. ಅಮ್ಮನ ಪಕ್ಕ ಸುಮ್ನೆ ಅರ್ಧ ದಿನ ಕೂತು ಬರುತ್ತೇನೆ ಅನ್ನುವುದು ಒಂದು ಕಾರಣವಾ? ಅದಕ್ಕೆ, ಅಮ್ಮನಿಗೆ ಜ್ವರ ಅನ್ನುತ್ತಿದ್ದೆ. ಗಟ್ಟಿಮುಟ್ಟಾಗಿದ್ದವಳಿಗೆ ಎಷ್ಟು ಸಲ ಜ್ವರ ಬರಿಸಿದೆನೋ ಲೆಕ್ಕವಿಲ್ಲ. ಕೊನೆಗೆ ಅವಳು ನಿಜವಾಗಿಯೂ ಹಾಸಿಗೆ ಹಿಡಿದಾಗ ಆ ಸುಳ್ಳುಗಳೆಲ್ಲ ಒಂದೊಂದಾಗಿ ನೆನಪಾಗಿ ಅತ್ತಿದ್ದೇನೆ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು, ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ ಅಂತ. ನಮಗ್ಯಾಕೆ, ಪೆನ್ಷನ್ ಬರುತ್ತಲ್ಲ ಅಂತ ಮೊದಲು ನಾನು ಹೋಗಲಿಲ್ಲ. ಆಮೇಲೊಂದು ಬುಧವಾರ ನಿಮ್ಮಪ್ಪ ಮಲಗಿದ್ದಾಗ ಆಧಾರ್ ಕಾರ್ಡ್ ತಗೊಂಡು ಹೊರಟೆ. ಕಂಡಕ್ಟರ್ ಕೂಡ "ಎಲ್ಲಿಗಮ್ಮ?" ಅಂದ. ಮೆಜೆಸ್ಟಿಕ್ ಅಂದೆ. ಯಾಕೆ ಅಂತ ಅವನು ಕೇಳಲಿಲ್ಲ. ಟಿಕೆಟ್ ಕೊಟ್ಟು ಮುಂದೆ ಹೋದ. ಆ ಟಿಕೆಟ್ಟನ್ನು ಮಲ್ಲೇಶ್ವರದವರೆಗೂ ಕೈಯಲ್ಲೇ ಹಿಡಿದುಕೊಂಡಿದ್ದೆ. ತವರು ಇದ್ದ ಜಾಗದಲ್ಲಿ ಈಗ ನಾಲ್ಕು ಮಹಡಿಯ ಕಟ್ಟಡವಿದೆ. ಎದುರಿಗೆ ಸ್ವಲ್ಪ ಹೊತ್ತು ನಿಂತೆ. ಎಂಟನೇ ಕ್ರಾಸಿನಲ್ಲಿ ಮಲ್ಲಿಗೆ ಮೊಗ್ಗು ಕೊಂಡು ವಾಪಸ್ ಬಂದೆ. ಅಷ್ಟೇ. ನನಗೆ ಅಷ್ಟೇ ಬೇಕಿತ್ತು.

ಅವತ್ತಿನಿಂದ ವಾರಕ್ಕೊಂದು ಸಲವಾದರೂ ಹೋಗುತ್ತೇನೆ. ಮಾರ್ಕೆಟ್ಟಿಗೆ ಹೂವಿಗೆ, ಇಲ್ಲವಾದರೆ ಲಾಲ್‌ಬಾಗ್‌ಗೆ. ಅಲ್ಲಿನ ಬಂಡೆಗೆ 300 ಕೋಟಿ ವರ್ಷ ಅನ್ನುತ್ತಾರೆ. ಮೆಲ್ಲಗೆ ಹತ್ತಿ ಕೆಂಪೇಗೌಡರ ಗೋಪುರದ ಹತ್ತಿರ ಕೂರುತ್ತೇನೆ. ಬೆಳಗ್ಗೆ ಒಂಬತ್ತು ಗಂಟೆಗೆಲ್ಲ ಕಲ್ಲು ಬೆಚ್ಚಗಿರುತ್ತದೆ. ಮಂಡಿಗೂ ಹಿತ, ಮನಸ್ಸಿಗೂ ಹಿತ.

"ಎಲ್ಲ ನಮ್ಮ ಟ್ಯಾಕ್ಸ್ ದುಡ್ಡು" ಅಂತ ನೀನು ಹಿಂದೊಮ್ಮೆ ಅಂದಿದ್ದೆ. ಹೌದು. ಅದು ಎಲ್ಲಿಗೆ ಹೋಗುತ್ತಿದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸೊಬ್ಬಳು ಒಂದು ದಿನ ನನ್ನ ಪಕ್ಕ ಕೂತಿದ್ದಳು. ಮೊದಲು ಪಾಸಿಗೇ ತಿಂಗಳಿಗೆ ಸಾವಿರ ರೂಪಾಯಿ ಹೋಗುತ್ತಿತ್ತಂತೆ. ಈಗ ಆ ದುಡ್ಡಿನಲ್ಲಿ ಮಗಳನ್ನು ಟ್ಯೂಷನ್‌ಗೆ ಸೇರಿಸಿದ್ದಾಳೆ. 2025ರ ಜನವರಿಯಲ್ಲಿ ಬಸ್ ದರ ಶೇಕಡಾ 15 ಏರಿತು. ಮರುತಿಂಗಳೇ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿ ಆಯಿತು. ಅವಳಂಥವರಿಗೆ ಈ ಬಸ್ ಇಲ್ಲದಿದ್ದರೆ ಏನು ಗತಿ, ಹೇಳು. ರಶ್ ಜಾಸ್ತಿ ಆಗಿದೆ, ನಿಜ. ಗಂಡಸರು ದುಡ್ಡು ಕೊಟ್ಟೂ ನಿಂತು ಹೋಗುತ್ತಾರೆ, ಅದೂ ನಿಜ, ನನಗೆ ಅವರನ್ನು ನೋಡಿದರೆ ಪಾಪ ಅನ್ನಿಸುತ್ತದೆ. ಅದಕ್ಕೆ ಬಸ್ಸುಗಳನ್ನು ಜಾಸ್ತಿ ಬಿಡಬೇಕು.

ಈಗ ನನ್ನ ಕಡೆಯಿಂದ ಮಾತು ಕೊಡುತ್ತೇನೆ. ಮಳೆ ಬಂದ ದಿನ ಹೋಗುವುದಿಲ್ಲ. ಆಫೀಸಿನ ಹೊತ್ತಿನಲ್ಲಿ ಹತ್ತುವುದಿಲ್ಲ. ಬಸ್ ಪೂರ್ತಿ ನಿಂತ ಮೇಲೇ ಸೀಟಿನಿಂದ ಏಳುತ್ತೇನೆ. ಜಾರದ ಚಪ್ಪಲಿ ತಗೊಂಡಿದ್ದೇನೆ. ಮನೆ ಸೇರಿದ ಮೇಲೆ ನಿನಗೆ ಮೆಸೇಜ್ ಹಾಕುತ್ತೇನೆ. ಹೊರಡುವ ಮೊದಲು ಹಾಕುವುದಿಲ್ಲ. ಅಷ್ಟನ್ನು ನನಗೆ ಬಿಟ್ಟುಬಿಡು ಪುಟ್ಟಿ. 63 ವರ್ಷಕ್ಕೆ ಸಿಕ್ಕಿದೆ. ನನ್ನ ಮಂಡಿ ಇನ್ನೆಷ್ಟು ವರ್ಷ ಬಸ್ಸಿನ ಮೆಟ್ಟಿಲು ಹತ್ತುತ್ತದೋ, ಅಷ್ಟು ವರ್ಷ ಹೋಗುತ್ತೇನೆ.

ಕಾರ್ತಿಕದ ಕೊನೆ ಸೋಮವಾರ ಕಡಲೆಕಾಯಿ ಪರಿಷೆ. ಎರಡು ದಿನ ರಜೆ ಹಾಕಿ ಬಾ. ದೊಡ್ಡ ಬಸವಣ್ಣನ ಗುಡಿಗೆ ಇಬ್ಬರೂ ಬಸ್ಸಿನಲ್ಲೇ ಹೋಗೋಣ. ಕಿಟಕಿ ಪಕ್ಕದ ಸೀಟು ನಿನಗೆ. ನಿನ್ನ ಆಧಾರ್‌ನಲ್ಲಿ ಇನ್ನೂ ಈ ಮನೆಯ ವಿಳಾಸವೇ ಇದೆ ಅಲ್ವಾ? ಮರೆಯದೆ ತಗೊಂಡು ಬಾ.

ನಿನ್ನ
ಅಮ್ಮ