ಯಂತ್ರ ಓದುವಂತೆ ಕನ್ನಡದ ಕಡತ ತೆರೆಯಲಿ

ಮಾನ್ಯ ಸಂಪಾದಕರೇ,

ಕೃತಕ ಬುದ್ಧಿಮತ್ತೆಯ ಚರ್ಚೆ ದೈತ್ಯ ಭಾಷಾ ಮಾದರಿಗಳಿಂದ (ಅಪಾರ ಬರಹ ಓದಿ ತಾವೇ ಬರೆಯಲು ಕಲಿಯುವ ತಂತ್ರಾಂಶಗಳಿಂದ) ಸಣ್ಣ ಮಾದರಿಗಳ ಕಡೆಗೂ ಹೊರಳುತ್ತಿರುವುದು ಕನ್ನಡಕ್ಕೆ ಒದಗಿದ ಒಳ್ಳೆಯ ಅವಕಾಶ. 2020ರ ದೈತ್ಯ ಮಾದರಿ ಜಿಪಿಟಿ-3ರಲ್ಲಿ 17,500 ಕೋಟಿ ನಿಯತಾಂಕಗಳಿದ್ದವು (ಕಲಿತದ್ದನ್ನು ಮಾದರಿ ಹಿಡಿದಿಟ್ಟುಕೊಳ್ಳುವ ಸಂಖ್ಯೆಗಳಿವು); ನಮ್ಮ ಬೆಂಗಳೂರಿನ ಸರ್ವಂ ಸಂಸ್ಥೆ 2024ರಲ್ಲಿ ಕನ್ನಡವೂ ಸೇರಿದಂತೆ ಹತ್ತು ಭಾರತೀಯ ಭಾಷೆಗಳಿಗೆಂದು ರೂಪಿಸಿದ ಮಾದರಿಯಲ್ಲಿ ಇರುವುದು ಸುಮಾರು 200 ಕೋಟಿ. ಈ ಗಾತ್ರದ್ದನ್ನು ಅಂತರಜಾಲದ ಹಂಗಿಲ್ಲದೆ ಸಾಧಾರಣ ಕಂಪ್ಯೂಟರಿನಲ್ಲೇ ನಡೆಸಬಹುದು.

ಆದರೆ ಗಾತ್ರ ಕುಗ್ಗಿದ ಮಾತ್ರಕ್ಕೆ ಮಾದರಿಗೆ ನಮ್ಮ ಬದುಕು ತಿಳಿಯುವುದಿಲ್ಲ. ಇಂಗ್ಲಿಷ್ ಪಠ್ಯವನ್ನೇ ಉಂಡು ಬೆಳೆದ ಯಂತ್ರ ‘ಕಸಿನ್’ ಎಂಬುದಕ್ಕೆ ‘ಸೋದರಸಂಬಂಧಿ’ ಎಂದು ಬರೆದು ಕೈತೊಳೆದುಕೊಳ್ಳುತ್ತದೆ. ದೊಡ್ಡಪ್ಪನ ಮಗ ಅಣ್ಣನೋ ತಮ್ಮನೋ ಆಗುವ, ಸೋದರಮಾವನ ಮಗ ಭಾವನೋ ಮೈದುನನೋ ಆಗುವ ಮನೆಗಳಲ್ಲಿ ಆ ಪದಕ್ಕೆ ಕೂರಲು ಮಣೆಯೇ ಇಲ್ಲ.

ಕನ್ನಡದಲ್ಲೇ ಹುಟ್ಟಿದ ಬರಹವನ್ನು ಧಾರಾಳವಾಗಿ ಓದಿಸದೆ ಇದು ಸರಿಹೋಗದು. ಅಂಥ ಬರಹ ನಮ್ಮಲ್ಲಿ ಕಡಿಮೆ ಎಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಕನ್ನಡವನ್ನು ರಾಜ್ಯಭಾಷೆಯಾಗಿಸಿದ ಅಧಿನಿಯಮ ಬಂದದ್ದು 1963ರಲ್ಲಿ. ಅಂದಿನಿಂದ ವಿಧಾನಮಂಡಲದ ಚರ್ಚೆಗಳು, ಪಠ್ಯಪುಸ್ತಕಗಳು, ಗೆಜೆಟಿಯರುಗಳು, ಕೃಷಿ ಕೈಪಿಡಿಗಳು ಎಷ್ಟೋ ಬಂದಿವೆ. ತೊಡಕಿರುವುದು ಅವುಗಳ ರೂಪದಲ್ಲಿ. ಹಲವು ಬರಿಯ ಸ್ಕ್ಯಾನ್ ಚಿತ್ರಗಳು. ಇನ್ನು ಹಲವು, ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಜಾಗತಿಕ ವ್ಯವಸ್ಥೆ) ಅಲ್ಲದ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಪಿಡಿಎಫ್‌ಗಳು. ಕಳೆದ ತಿಂಗಳು ಒಂದು ಕಚೇರಿಯ ಸುತ್ತೋಲೆಯಿಂದ ಎರಡು ಸಾಲು ನಕಲು ಮಾಡಿ ಅಂಟಿಸಿದಾಗ, ತೆರೆಯ ಮೇಲೆ ಅಚ್ಚುಕಟ್ಟಾಗಿದ್ದ ಕನ್ನಡ ತಲೆಗೆ ಕೊಂಬು ಮೂಡಿದ ರೋಮನ್ ಅಕ್ಷರಗಳ ಸಂತೆಯಾಗಿ ಬಂತು. ಯಂತ್ರ ಓದುವುದು ಆ ಸಂತೆಯನ್ನೇ.

ಸರ್ಕಾರಿ ಕಡತಗಳನ್ನಷ್ಟೇ ಓದಿದ ಮಾದರಿ ‘ಸದರಿ’, ‘ಮೇಲ್ಕಂಡ’ ಎಂದೇ ಮಾತಾಡೀತು ಎಂಬ ಭಯ ನನಗೂ ಇದೆ. ಆದ್ದರಿಂದ ಧಾರವಾಡ, ಕುಂದಾಪುರ, ಚಾಮರಾಜನಗರದ ಆಡುಮಾತಿನ ಧ್ವನಿಮುದ್ರಣಗಳೂ, 2011ರ ಜನಗಣತಿಯಂತೆ 18 ಲಕ್ಷಕ್ಕೂ ಹೆಚ್ಚು ಜನರ ತಾಯ್ನುಡಿಯಾದ ತುಳುವಿನ ಮತ್ತು ಒಂದು ಲಕ್ಷಕ್ಕೆ ತುಸು ಮಿಗಿಲಾದ ಜನರ ಕೊಡವ ತಕ್ಕಿನ ಬರಹಗಳೂ ಸಂಗ್ರಹವಾಗಬೇಕು. ಧ್ವನಿ ಕೊಟ್ಟವರ ಒಪ್ಪಿಗೆ, ಲೇಖಕರ ಹಕ್ಕು ಎರಡಕ್ಕೂ ಕುಂದು ಬರಬಾರದು.

ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶಗಳು ಬಹುಕಾಲದಿಂದ ಲಭ್ಯವಿವೆ. ಸಾರ್ವಜನಿಕರ ಹಣದಲ್ಲಿ ಸಿದ್ಧವಾಗುವ ಪ್ರತಿಯೊಂದು ಕನ್ನಡ ದಾಖಲೆಯೂ ಇನ್ನು ಮುಂದೆ ಯೂನಿಕೋಡ್ ಪಠ್ಯವಾಗಿಯೇ ಪ್ರಕಟವಾಗುವಂತೆ ರಾಜ್ಯ ಸರ್ಕಾರ ಆದೇಶ ಹೊರಡಿಸಲಿ. ಹಳೆಯದರ ಪರಿವರ್ತನೆಯನ್ನು ವಿಧಾನಮಂಡಲದ ಚರ್ಚೆಗಳಿಂದಲೇ ಆರಂಭಿಸಬಹುದು. ರಾಜ್ಯದ ಎಲ್ಲ ಸೀಮೆಗಳ ಕನ್ನಡವೂ ಅಲ್ಲಿ ದಾಖಲಾಗಿದೆ.

ಇಂತಿ,
ನಿವೃತ್ತ ಗ್ರಂಥಪಾಲಕ
ಬಸವನಗುಡಿ, ಬೆಂಗಳೂರು