ಮಂಗನ ಕಾಯಿಲೆ: ಕಾಡು, ತೋಟಕ್ಕೆ ಹೋಗುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯವರು ದಯವಿಟ್ಟು ಪೂರ್ತಿ ಓದಿ. ಮನೆಯ ಹಿರಿಯರಿಗೂ, ಕೆಲಸದವರಿಗೂ ಓದಿ ಹೇಳಿ.

ಮಂಗ ಸತ್ತು ಬಿದ್ದಿದ್ದರೆ ಮುಟ್ಟಬೇಡಿ, ನೀವೇ ಹೂಳಲೂ ಹೋಗಬೇಡಿ. ಅದರ ಮೈಮೇಲಿದ್ದ ಉಣುಗುಗಳು ಸುತ್ತಲೂ ಹರಡಿರುತ್ತವೆ. ಈ ವೈರಸ್ ನಮಗೆ ಬರುವುದು ಮುಖ್ಯವಾಗಿ ಅವು ಕಚ್ಚಿಯೇ. ಕೂಡಲೇ ಆರೋಗ್ಯ ಕೇಂದ್ರಕ್ಕೋ ಆಶಾ ಕಾರ್ಯಕರ್ತೆಗೋ ತಿಳಿಸಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ರೋಗ ಪತ್ತೆಯಾದಾಗಲೂ ಮಂಗಗಳು ಸಾಯುತ್ತಿದ್ದವು. ಪಾಪ, ನಮಗೆ ಎಚ್ಚರಿಕೆ ಸಿಗುವುದು ಅವುಗಳ ಸಾವಿನಿಂದ.

ಡಿಸೆಂಬರ್‌ನಿಂದ ಮೇ ತನಕ ಕಾಟ ಜಾಸ್ತಿ. ದರಗು ಗುಡಿಸಲು, ಸೌದೆಗೆ ಹೋಗುವಾಗ ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಳ್ಳಿ. ಬಂದ ತಕ್ಷಣ ಬಿಸಿನೀರು, ಸೋಪು ಹಾಕಿ ಸ್ನಾನ ಮಾಡಿ. ಕಾಡಲ್ಲಿ ಮೇದು ಬಂದ ದನಗಳ ಮೈಯನ್ನೂ ನೋಡಿ, ಉಣುಗು ಕೊಟ್ಟಿಗೆಗೆ ಬರುವುದು ಹಾಗೆಯೇ.

ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಅಂಗಡಿ ಮಾತ್ರೆ ನುಂಗಿ ಸುಮ್ನೆ ಮಲಗಬೇಡಿ. ಕೆಲವರಿಗೆ ಮೂಗು, ವಸಡಿನಿಂದ ರಕ್ತ ಬರುತ್ತದೆ. ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ, ರಕ್ತ ಪರೀಕ್ಷೆ ಮಾಡಿಸಿ. ಬಿಟ್ಟ ಜ್ವರ ಒಂದೆರಡು ವಾರದ ಮೇಲೆ ಮತ್ತೆ ಬರುವುದೂ ಉಂಟು.

ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಕಾಯಿಲೆ ಅಲ್ಲ. ಜ್ವರ ಬಂದವರನ್ನು ದಯವಿಟ್ಟು ದೂರ ಇಡಬೇಡಿ.